ಮಗ್ಗದ ಕುಣಿಯಲ್ಲಿ ಕೂತ ಅಧ್ಯಕ್ಷರು

ನಾನು ಕಂಡ ಅಧ್ಯಕ್ಷರೆಲ್ಲ ಎತ್ತರದ ಕುರ್ಚಿಯ ಮೇಲೆ ಕೂತವರು. ಒಬ್ಬರು ಮಾತ್ರ ನೆಲಕ್ಕಿಂತ ಕೆಳಗೆ ಕೂಡುತ್ತಿದ್ದರು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಸ್ವಾತಂತ್ರ್ಯ ಚಳವಳಿಯ ಪಕ್ಷದ ಸಭೆ ನಡೆಯುತ್ತಿದ್ದುದು ಅವರ ಮನೆಯ ಪಡಸಾಲೆಯಲ್ಲಿ. ಪಡಸಾಲೆಯ ಅರ್ಧವನ್ನು ಮಗ್ಗವೇ ನುಂಗಿತ್ತು. ನೇಕಾರ ಕಾಲು ಇಳಿಬಿಟ್ಟು ಕೂಡಲು ನೆಲದಲ್ಲಿ ಕುಣಿ ತೋಡಿದ್ದರಿಂದ, ಅದರಲ್ಲಿ ಕೂತವರ ಮುಖ ಚಾಪೆಯ ಮೇಲೆ ಕೂತ ನಮ್ಮೆಲ್ಲರ ಮುಖಕ್ಕಿಂತ ತಗ್ಗಿನಲ್ಲಿರುತ್ತಿತ್ತು. ಅಧ್ಯಕ್ಷರನ್ನು ಮಾತಾಡಿಸಬೇಕಾದರೆ ನಾವೇ ಬಗ್ಗಬೇಕು. "ಇದ ಛಲೋ ನೋಡ್ರಿ. ಮನಸಿನ್ಯಾಗ ಮರ್ಯಾದಿ ಇರ್ಲಿ ಬಿಡ್ಲಿ, ತಲಿ ಅಂತೂ ಬಗ್ಗಸ್ತೀರಿ" ಎಂದು ಅವರು ನಗುತ್ತಿದ್ದರು.

ಓಣಿಯ ಹಿಂದೂಗಳಿಗೂ ಮುಸಲ್ಮಾನರಿಗೂ ಅವರು ಚಾಚಾ. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವಳಾದ ನೀಲವ್ವನಿಗೂ ಚಾಚಾ. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ನಮ್ಮ ಸಭೆಯ ಸುದ್ದಿ ಪತ್ರಿಕೆಯಲ್ಲಿ ಬಂದು ಅದರಲ್ಲಿ ಅವರ ಹೆಸರೂ ಅಚ್ಚಾಗಿತ್ತು. ನಾನು ಹಿಗ್ಗಿನಿಂದ ಓದಿ ಹೇಳಿದರೆ ಅವರು ಮುಖ ಗಂಟು ಹಾಕಿಕೊಂಡರು. "ಸೀರಿ ಮ್ಯಾಲ ನೇಕಾರ ತನ್ನ ಹೆಸರ ನೇಯ್ತಾನೇನ್ರಿ ಮಾಸ್ತರ? ಉಟ್ಟಾಕಿಗೆ ಚಂದ ಕಂಡ್ರ ಮುಗೀತು" ಎಂದರು. ಆ ಮಾತನ್ನು ನೆನೆದು ಹೆಸರು ಬಿಟ್ಟಿದ್ದೇನೆ. ಹೋದ ತಿಂಗಳು ಅವರು ತೀರಿಕೊಂಡರು. ಅಂದಿನಿಂದ ಏನನ್ನೋ ಮರೆತು ಬಂದವನ ಹಾಗೆ ಮನೆಯಲ್ಲಿ ಸುತ್ತಾಡುತ್ತಿದ್ದವನು ಇವತ್ತು ಬರೆಯಲು ಕೂತಿದ್ದೇನೆ.

ಬಡಕಲು ಮೈ, ಕುರುಚಲು ಗಡ್ಡ, ನೂಲು ನೋಡಿ ನೋಡಿ ಕಿರಿದಾದ ಕಣ್ಣು. ಯಾರೇ ಎದುರಾಗಲಿ, ಸಲಾಮಿಗಿಂತ ಮೊದಲು ಅವರ ಅಂಗಿಯ ಅಂಚು ಚಾಚಾನ ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕಿರುತ್ತಿತ್ತು. ಒಂದು ಸಲ ಉಜ್ಜಿ, ಎಲ್ಲಿಯ ನೂಲು, ಎಂಥ ಕೈ ನೇಯ್ದದ್ದು ಎಂದು ಮನಸ್ಸಿನಲ್ಲೇ ತಿಳಿದುಕೊಂಡು ಆಮೇಲೆ ಯೋಗಕ್ಷೇಮ. ಒಂದು ಮದುವೆಯಲ್ಲಿ ಮದುಮಗನ ಶೇರವಾನಿಯನ್ನೇ ಹೀಗೆ ಹಿಡಿದು ನೋಡಿ ಚಾಚಿಯ ಕೈಯಲ್ಲಿ ಬೈಸಿಕೊಂಡಿದ್ದರು. ಚಾಚಿ ಎಂದರೆ ಅವರ ಹೆಂಡತಿ. ಜಗತ್ತಿನಲ್ಲಿ ಚಾಚಾ ವಾದ ಹೂಡದೆ ಸೋಲೊಪ್ಪುತ್ತಿದ್ದ ಒಂದೇ ಜೀವ.

ಅವರು ಅಧ್ಯಕ್ಷರಾದದ್ದು ಯಾರೋ ಆರಿಸಿದ್ದರಿಂದ ಅಲ್ಲ. ಸರ್ಕಾರ ಸಿಕ್ಕಸಿಕ್ಕವರನ್ನು ಜೈಲಿಗೆ ಹಾಕುತ್ತಿದ್ದ ಧರಪಕಡಿಯ ದಿನಗಳಲ್ಲಿ ಸಭೆಗೆ ಜಾಗ ಕೊಡಲು ಎಲ್ಲರೂ ಹೆದರಿದಾಗ ಅವರು, ನಮ್ಮ ಮನೆಗೆ ಬನ್ನಿ, ಆದರೆ ನಿಮಗಾಗಿ ಮಗ್ಗ ನಿಲ್ಲಿಸುವುದಿಲ್ಲ, ಮಗ್ಗ ನಿಂತರೆ ಒಲೆಯೂ ನಿಲ್ಲುತ್ತದೆ ಎಂದರು. ಜಾಗ ಕೊಟ್ಟವರೇ ಅಧ್ಯಕ್ಷರಾದರು. ಒಂದು ದಿನ ಪೊಲೀಸ್ ಸಿಪಾಯಿ ಬಾಗಿಲಲ್ಲಿ ನಿಂತು ಇಷ್ಟು ಜನ ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಬಟ್ಟೆ ನೇಯುತ್ತಿದ್ದೇವೆ ಎಂದರು ಚಾಚಾ. ಒಂದು ಮಗ್ಗಕ್ಕೆ ಇಷ್ಟು ಜನವೇ ಎಂದು ಆತ ಮತ್ತೆ ಕೇಳಿದ. "ನೇಯಾಂವ ಒಬ್ಬನ ಇರ್ತಾನ್ರಿ, ತಪ್ಪ ಹಿಡಿಯಾವ್ರು ಭಾಳ" ಎಂದು ಇವರು ತಲೆ ಎತ್ತದೆ ಹೇಳಿದರು. ಆ ಸಿಪಾಯಿಗೂ ನಗು ತಡೆಯಲಾಗಲಿಲ್ಲ.

ಹೀಗೆ ಮಗ್ಗ ನಡೆಯುತ್ತಲೇ ನಮ್ಮ ಸಭೆಗಳು ನಡೆದವು. ಕ್ರಮೇಣ ಆ ಖಟಕ್ ಖಟಕ್ ಸದ್ದೇ ನಮಗೆ ಅಧ್ಯಕ್ಷರ ಗಂಟೆಯಾಯಿತು. ಯಾರಾದರೂ ಸುಮ್ಮನೆ ಮಾತು ಬೆಳೆಸಿದರೆ ಮಗ್ಗ ತನ್ನ ಪಾಡಿಗೆ ತಾನು ನಡೆದಿರುತ್ತಿತ್ತು. ಬಡಾಯಿ ಶುರುವಾದರೆ ಎಳೆಗಳ ನಡುವೆ ನೂಲು ಹೊತ್ತು ಅತ್ತಿತ್ತ ಹೋಗುವ ಲಾಳಿಯ ಓಟ ಚುರುಕಾಗುತ್ತಿತ್ತು. ನಿಲ್ಲುತ್ತಿದ್ದುದು ಎರಡಕ್ಕೇ: ನಮಾಜಿಗೆ ಮತ್ತು ಕೇಳಬೇಕಾದ ಮಾತಿಗೆ. ಮಗ್ಗ ನಿಂತಿತೆಂದರೆ ಮಾತಾಡುತ್ತಿದ್ದವನು ನೆಟ್ಟಗಾಗಿ ಕೂಡುತ್ತಿದ್ದ. ಧಾರವಾಡದಿಂದ ಬಂದ ವಕೀಲರೊಬ್ಬರು ಬಹಳ ಹೊತ್ತು ಭಾಷಣ ಮಾಡಿ, ಕೊನೆಗೆ ತಡೆಯಲಾರದೆ, ಸ್ವಲ್ಪ ಮಗ್ಗ ನಿಲ್ಲಿಸಬಾರದೇ ಎಂದು ಕೇಳಿದರು. "ನೀವು ಮಾತಾಡ್ರಿ ಸಾಹೇಬ್ರ, ನಾ ಕೇಳಾಕತ್ತೇನಿ. ನಿಲ್ಲೂ ಮಾತು ಬಂದ್ರ ಅದು ತಾನ ನಿಲ್ತೈತಿ" ಎಂದರು ಚಾಚಾ. ವಕೀಲರು ಮತ್ತೆ ನಮ್ಮ ಓಣಿಗೆ ಬರಲಿಲ್ಲ.

ಅದೇ ಮಗ್ಗ ನೀಲವ್ವನ ಒಂದು ಮಾತಿಗೆ ನಿಂತಿತ್ತು. ನೀಲವ್ವ ಪಕ್ಕದ ಮನೆಯ ವಿಧವೆ. ತಾನೇ ಸೀರೆ ನೇಯ್ದು, ತಾನೇ ಹೊತ್ತು ಮಾರುವವಳು. ಸಭೆಯಲ್ಲಿ ಮೂಲೆಯಲ್ಲಿ ಕೂತು, ಲಾಳಿಯ ಹೊಟ್ಟೆಯೊಳಗೆ ಕೂಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆ ವರ್ಷ ಪಕ್ಷದವರು ಊರಲ್ಲಿ ಖಾದಿಯ ಪ್ರದರ್ಶನ ಇಟ್ಟಿದ್ದರು. ನಮ್ಮ ಪಕ್ಷದ್ದೇ ಅಲ್ಲವೇ ಎಂದು ಈಕೆ ಸಂಭ್ರಮದಿಂದ ಸೀರೆಯ ಗಂಟು ಹೊತ್ತುಕೊಂಡು ಹೋದಳು. ಬಾಗಿಲಲ್ಲಿದ್ದ ಸ್ವಯಂಸೇವಕರು ಬಟ್ಟೆ ಮುಟ್ಟಿ ನೋಡಿ, ಇದು ಗಿರಣಿ ನೂಲಿನದು, ಖಾದಿಯಲ್ಲ, ಒಳಗೆ ಬಿಡುವುದಿಲ್ಲ ಎಂದು ತಿರುಗಿಸಿ ಕಳಿಸಿದರು. ಬಂದವಳೇ ಚಾಚಾನ ಪಡಸಾಲೆಯಲ್ಲಿ ಗಂಟು ಇಳಿಸಿ, "ನಾ ನೇಯ್ದದ್ದು ಯಾವ ದೇಶದ್ದಪಾ ಹಂಗಾರ?" ಎಂದು ಕೇಳಿದಳು. ಮಗ್ಗ ನಿಂತುಬಿಟ್ಟಿತು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಆಗ ರಾಷ್ಟ್ರೀಯ ಶಾಲೆಯೊಂದರಲ್ಲಿ ಮಾಸ್ತರ. ಖಾದಿ ಬಿಟ್ಟು ಬೇರೆ ಉಡುತ್ತಿರಲಿಲ್ಲ. ದಿನವೂ ಚರಕ ತಿರುಗಿಸುತ್ತಿದ್ದೆ. ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ದೇಶದ ಬಟ್ಟೆ, ಗಿರಣಿಯ ನೂಲು ಎಲ್ಲಿಯದಾದರೂ ಅದು ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬುದು ನನ್ನ ನಂಬಿಕೆ. ಇವತ್ತಿಗೂ ಅರ್ಧದಷ್ಟು ಅದೇ ನಂಬಿಕೆ. ಇದರ ಮೇಲೆ ನನಗೂ ಚಾಚಾಗೂ ವಾದ ನಡೆಯದ ವಾರವಿರಲಿಲ್ಲ. ನೂಲು ನಮ್ಮ ದೇಶದ ಗಿರಣಿಯದಾದರೆ ಸಾಕು, ಕೈಮಗ್ಗದಲ್ಲಿ ಬಂದದ್ದೆಲ್ಲ ದೇಶದ ಬಟ್ಟೆಯೇ ಎನ್ನುವುದು ಅವರ ಪಟ್ಟು. ನಿಮ್ಮ ಚರಕದ ನೂಲನ್ನು ನಂಬಿದರೆ ನೇಕಾರ ದಿನವೆಲ್ಲ ಗಂಟು ಹಾಕುತ್ತ ಕೂಡಬೇಕು, ನೇಯುವುದು ಯಾವಾಗ ಎನ್ನುತ್ತಿದ್ದರು. ನನ್ನ ನೂಲನ್ನು ಬೆರಳಲ್ಲಿ ಹಿಡಿದು, "ಮಾಸ್ತರ, ಒಂದ ಎಳ್ಯಾಗ ಹಗ್ಗಾನೂ ಐತಿ, ಕೂದಲಾನೂ ಐತಿ. ಕುದರಿ ಕಟ್ಟೂಣೋ, ಸೂಜಿಗೆ ಪೋಣಸೂಣೋ?" ಎಂದು ಕೇಳಿ ಸಭೆಯನ್ನೆಲ್ಲ ನಗಿಸುತ್ತಿದ್ದರು.

ಒಂದು ಸಲ ನನಗೂ ಸಿಟ್ಟು ಬಂದು, ನೀವು ಗಿರಣಿಯವರ ಬಾಲ ಹಿಡಿದವರು ಎಂದುಬಿಟ್ಟೆ. ಅವರು ಮಾತು ಬಿಟ್ಟರು. ಆದರೆ ಮಾತಾಡದೆ ಇರುವುದು ಅವರ ಜಾಯಮಾನದಲ್ಲಿರಲಿಲ್ಲ. ಬಾಗಿಲಲ್ಲಿ ಕಟ್ಟಿದ್ದ ಆಡಿಗೆ ಹೇಳುವಂತೆ ನನಗೆ ಹೇಳತೊಡಗಿದರು. ಮಾಸ್ತರಿಗೆ ಚಹಾ ಆರಿ ಹೋಗುತ್ತದೆ ಎಂದು ಹೇಳು, ನಾಳೆ ಸಭೆ ಇದೆ ಎಂದು ಹೇಳು ಎಂದು ಆಡಿಗೆ ಅಪ್ಪಣೆಯಾಗುತ್ತಿತ್ತು. ಆಡು ಮೆಲುಕು ಹಾಕುತ್ತಿತ್ತು, ನಾನು ಚಹಾ ಕುಡಿಯುತ್ತಿದ್ದೆ. ಚಾಚಿ ಬಂದು ಇಬ್ಬರನ್ನೂ ಬೈದ ಮೇಲೆ ಆಡಿಗೆ ಬಿಡುವು ಸಿಕ್ಕಿತು.

ಅಷ್ಟರಲ್ಲಿ ಪಕ್ಷದ ಪ್ರಾಂತ ಪರಿಷತ್ತು ಕೂಡುವ ಸುದ್ದಿ ಬಂತು. ನಮ್ಮ ಓಣಿಯಿಂದ ಒಬ್ಬ ಪ್ರತಿನಿಧಿ ಹೋಗಬಹುದು. ಅಲ್ಲಿಯವರೆಗೆ ಪರಿಷತ್ತಿಗೆ ಯಾರು ಹೋಗುತ್ತಾರೆಂದು ನಾವು ತಲೆ ಕೆಡಿಸಿಕೊಂಡವರಲ್ಲ. ಪುರಸೊತ್ತಿದ್ದವರು ಹೋಗುತ್ತಿದ್ದರು, ಬರುತ್ತಿದ್ದರು. ಈ ಸಲ ಹಾಗಲ್ಲ. ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಪಕ್ಷದ ಮಾತು ಕೇಳುವ ಮನೆಗಳು ನಮ್ಮ ಸೀರೆ ಕೊಳ್ಳುವುದನ್ನು ಬಿಟ್ಟಿದ್ದವು. ಜೈಲಿಗೆ ಹೋದವರು, ಲಾಠಿ ತಿಂದವರು ಇದೇ ಓಣಿಯವರು, ನಾವು ನೇಯ್ದದ್ದು ಮಾತ್ರ ಪರದೇಶಿ! ನೀಲವ್ವ ಕೇಳಿದ ಮಾತನ್ನು ಪರಿಷತ್ತಿನಲ್ಲಿ ನಿಂತು ಕೇಳುವವರು ಬೇಕಾಗಿದ್ದರು. ಯಾರು ಹೋಗಬೇಕೆಂಬುದಕ್ಕೆ ಓಣಿಯ ಅನ್ನವೇ ಅಂಟಿಕೊಂಡಿತ್ತು.

ಹೆಸರು ಎರಡು ಬಂದವು. ಒಂದು ಚಾಚಾ. ಇನ್ನೊಂದು ನೂಲಿನ ಸಾವಕಾರರು. ಸಾವಕಾರರು ಅರ್ಧ ಓಣಿಗೆ ಗಿರಣಿ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ವ್ಯಾಪಾರಿ. ಹಾಗೆಂದು ಕೆಟ್ಟವರಲ್ಲ. ಜೈಲು ಕಂಡವರು, ಮೈಮೇಲೆ ಅಚ್ಚ ಖಾದಿ. ಮಾರುವುದು ಬೇರೆ, ಉಡುವುದು ಬೇರೆ ಎಂದು ತಮ್ಮನ್ನು ತಾವೇ ನಗೆಯಾಡಿಕೊಳ್ಳುವಷ್ಟು ದೊಡ್ಡ ಮನಸ್ಸಿತ್ತು. ಕೈ ಎತ್ತಿ ಆರಿಸೋಣ ಎಂದರು ಅವರು. ಚಾಚಾ ಒಪ್ಪಲಿಲ್ಲ. ನೂಲು ಕೊಡುವವರ ಎದುರು ಎತ್ತಿದ ಕೈ ಯಾರದೆಂದು ಹೇಗೆ ತಿಳಿಯುವುದು ಎಂದು ಅವರ ಮುಖಕ್ಕೇ ಹೇಳಿ, ಅರ್ಧ ನೇಯ್ದ ಸೀರೆಯೊಂದನ್ನು ಪರದೆ ಕಟ್ಟಿ, ಹಿಂದೆ ಎರಡು ಬುಟ್ಟಿ ಇಡಿಸಿದರು. ಚಾಚಾನ ಗುರುತಿಗೆ ಒಂದರ ಮುಂದೆ ಲಾಳಿ, ಸಾವಕಾರರ ಗುರುತಿಗೆ ಇನ್ನೊಂದರ ಮುಂದೆ ನೂಲಿನ ಉಂಡೆ. ಒಬ್ಬೊಬ್ಬರೂ ಪರದೆಯ ಹಿಂದೆ ಹೋಗಿ, ನೂಲು ಮುಗಿದ ಖಾಲಿ ಕಂಡಿಕೆಯೊಂದನ್ನು ತಮಗೆ ಬೇಕಾದ ಬುಟ್ಟಿಗೆ ಹಾಕಿ ಬರಬೇಕು. ಅಕ್ಷರ ಬಾರದವರಿಗೂ ಬಂದವರಿಗೂ ಒಂದೇ ನ್ಯಾಯ. ಆಮೇಲೆ ನಮ್ಮ ಓಣಿಯಲ್ಲಿ ಅದೇ ಪದ್ಧತಿಯಾಯಿತು.

ಲಾಳಿಯ ಬುಟ್ಟಿ ತುಂಬಿ ಕಂಡಿಕೆಗಳು ನೆಲಕ್ಕೆ ಉರುಳಿದ್ದವು. ಸಾವಕಾರರೇ ಎದ್ದು ಚಾಚಾನ ಕೊರಳಿಗೆ ಹಾರ ಹಾಕಿದರು. ಚಾಚಾ ಆ ದಿನ ಬೇಗನೆ ಮಗ್ಗ ನಿಲ್ಲಿಸಿ, ಏನೂ ತೋಚದವರಂತೆ ಹಾರದ ನೂಲನ್ನೇ ಉಜ್ಜಿ ನೋಡುತ್ತ ಕೂತಿದ್ದರು.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ನಮಗೆ ಆದದ್ದು ಅದೇ. ಕೆಲವು ದಿನಗಳ ಮೇಲೆ ತಾಲೂಕಾ ಕಮಿಟಿಯ ಕಾರ್ಯದರ್ಶಿ ನಮ್ಮ ಪ್ರತಿನಿಧಿಯ ಹೆಸರು ಕೇಳಿಕೊಂಡು ಹೋಗಲು ಬಂದರು. ಸಜ್ಜನರು, ಹುಡುಗುಮುಖದವರು. ಚಾಚಾ ತಮ್ಮ ಪದ್ಧತಿಯಂತೆ ಅವರ ಅಂಗಿಯ ಅಂಚು ಹಿಡಿದು ನೋಡಿದರು. ಕಾರ್ಯದರ್ಶಿಗಳ ಕಣ್ಣು ಚಾಚಾನ ಲುಂಗಿಯ ಮೇಲೆ ಬಿತ್ತು. ಪ್ರತಿನಿಧಿಯಾಗುವವರು ಯಾವಾಗಲೂ ಖಾದಿ ಉಡುವವರೇ ಆಗಿರಬೇಕೆಂದು ನಿಯಮವಿದೆಯಲ್ಲ, ಇವರು ಉಟ್ಟದ್ದು ಏನು ಎಂದು ಮೆಲ್ಲಗೆ ಕೇಳಿದರು. ಪಡಸಾಲೆಯಲ್ಲಿದ್ದವರೆಲ್ಲ ಚಾಚಾನ ಲುಂಗಿಯನ್ನು ಆಗ ಮೊದಲ ಸಲ ನೋಡುವವರಂತೆ ನೋಡಿದರು. ಅದು ಅವರ ಕೈಯ ನೇಯ್ಗೆ, ಆದರೆ ಗಿರಣಿಯ ನೂಲು. ಊರಿಗೆಲ್ಲ ಬಟ್ಟೆ ಕೊಡುವ ನಾವು, ನಾವು ಆರಿಸಿದವನ ಮೈಮೇಲೆ ಏನಿದೆಯೆಂದು ನೋಡಿರಲಿಲ್ಲ. ನಮ್ಮ ಕಣ್ಣಿಗೆ ಅದು ಬಟ್ಟೆಯೇ ಆಗಿತ್ತು, ಬೇರೆ ಹೆಸರು ಅದಕ್ಕಿರಲಿಲ್ಲ. ನಿಯಮ ಬಾಯಿಪಾಠವಿದ್ದ ನನಗೂ ಹೊಳೆದಿರಲಿಲ್ಲ ಎಂದರೆ ನೋಡಿ.

ಸಾವಕಾರರು ಕೂಡಲೇ, ಇದೇನು ದೊಡ್ಡ ಮಾತು, ನಮ್ಮ ಮನೆಯ ಒಂದು ಜೊತೆ ಖಾದಿ ತರಿಸುತ್ತೇನೆ, ಪರಿಷತ್ತು ಮುಗಿಯುವವರೆಗೆ ಚಾಚಾ ಹಾಕಿಕೊಳ್ಳಲಿ ಎಂದರು. ಮನಃಪೂರ್ವಕ ಹೇಳಿದ ಮಾತು. ಎಲ್ಲರೂ ಹೌದು ಹೌದೆಂದರು. ಕಾರ್ಯದರ್ಶಿಗಳೂ ಕಣ್ಣು ಮುಚ್ಚಿಕೊಳ್ಳಲು ತಯಾರಿದ್ದರು. ಚಾಚಾ ಮಗ್ಗ ನಿಲ್ಲಿಸಿದರು.

"ಸಾವಕಾರ್ರ, ನಿಮ್ಮ ಅಂಗಿ ಹಾಕ್ಕೊಂಡು ಅಲ್ಲಿ ನಿಂತು, ನಾ ನೇಯ್ದ ಬಟ್ಟಿ ದೇಶದ್ದ ಅಂತ ಹೇಳಿದ್ರ, ಮತ್ತ ನೀ ಯಾಕ ಅದನ್ನ ಬಿಚ್ಚಿಟ್ಟು ಬಂದಿ ಅಂತ ಯಾರರ ಕೇಳ್ತಾರ. ನನ್ನ ಹಂತ್ಯಾಕ ಜವಾಬ ಇಲ್ಲ. ನಿಯಮ ಸರಿ ಇಲ್ಲ ಅಂತ ಹೇಳಾಕ ಹೋಗಾಂವ ಬಾಗಲದಾಗ ಸುಳ್ಳ ಹೇಳಿ ಒಳಗ ಹೋಗಬಾರದ್ರಿ. ನಾ ಒಲ್ಲೆ."

ಒಲ್ಲೆ ಎಂದರೆ ಅವರ ಬಾಯಲ್ಲಿ ಕಲ್ಲು ನೆಟ್ಟ ಹಾಗೆ. ಹಾಗಾದರೆ ಸಾವಕಾರರೇ ಹೋಗಲಿ ಎಂದಿತು ಸಭೆ. ಸಾವಕಾರರು ಪ್ರಾಮಾಣಿಕರು. ತಾವು ಪಕ್ಷದ ನಿಯಮದ ವಿರುದ್ಧ ಮಾತಾಡುವವರಲ್ಲ, ಹೋದರೆ ಸುಮ್ಮನೆ ಕೂತು ಬರುತ್ತೇವೆ ಎಂದರು. ನೀಲವ್ವ ಕಂಡಿಕೆ ಸುತ್ತುವುದನ್ನು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಆಗ ಚಾಚಾ ಕೈಯಲ್ಲಿದ್ದ ಲಾಳಿಯನ್ನು ಎತ್ತಿ ನನ್ನ ಕಡೆ ತೋರಿಸಿ, ಮಾಸ್ತರು ಹೋಗಲಿ ಎಂದರು.

ನನಗೆ ಗಾಬರಿಯಾಯಿತು. ಆ ನಿಯಮ ಸರಿಯೆಂದು ಇದೇ ಚಾಪೆಯ ಮೇಲೆ ಕೂತು ವಾದ ಮಾಡಿದವನು ನಾನು. ನಂಬದ ಮಾತನ್ನು ಅಷ್ಟು ಜನರ ಎದುರು ಹೇಗೆ ಹೇಳಲಿ ಎಂದು ಕೇಳಿದೆ. ಅದಕ್ಕೆ ಅವರು ಕೊಟ್ಟ ಉತ್ತರ ನನ್ನ ಬಾಳಿಗೆ ಸಾಕಾಗುವಷ್ಟಿದೆ.

"ನಿಮ್ಮ ಮಾತು ಹೇಳಾಕ ಯಾರ ಕಳಸಾಕತ್ತಾರ್ರಿ? ನಿಮ್ಮ ಮಾತು ಇಲ್ಲೇ ಭಾಳ ಕೇಳೇವಿ. ನಮ್ಮ ಮಾತು ಒಯ್ರಿ. ಪ್ರತಿನಿಧಿ ಅಂದ್ರ ಈ ಲಾಳಿ ಇದ್ದಂಗ. ಹೊಟ್ಟ್ಯಾಗ ಮಂದಿ ನೂಲು ಇಟ್ಕೊಂಡು ಆ ಕಡೆ ಹೋಗಬೇಕು, ಮತ್ತ ಈ ಕಡೆ ಬರಬೇಕು. ಆ ಕಡೆನ ಕುಂತ್ರ ಬಟ್ಟಿ ಆಗೂದಿಲ್ಲ. ಖಾಲಿ ಹೋದ್ರೂ ಆಗೂದಿಲ್ಲ."

ಮತ್ತೆ ಪರದೆ ಕಟ್ಟಿದರು, ಸಾವಕಾರರಿಗೊಂದು ನನಗೊಂದು ಬುಟ್ಟಿ ಇಟ್ಟರು. ಕಂಡಿಕೆಗಳು ನನ್ನ ಬುಟ್ಟಿಗೆ ಬಿದ್ದವು. ನನ್ನ ಮೇಲಿನ ಪ್ರೀತಿಯಿಂದ ಬಿದ್ದವೆಂಬ ಭ್ರಮೆ ನನಗೆ ಆಗಲೂ ಇರಲಿಲ್ಲ. ಚಾಚಾ ತೋರಿಸಿದ ಕಡೆ ಬಿದ್ದವು.

ಮರುದಿನ ಅವರು, ನೀವು ನೂತ ನೂಲೆಲ್ಲ ತನ್ನಿ ಎಂದು ಕರೆಸಿದರು. ಯಾವ ನೇಕಾರನೂ ಮುಟ್ಟಲೊಲ್ಲದೆ ನನ್ನ ಕೋಣೆಯಲ್ಲಿ ಬಿದ್ದಿದ್ದ ನೂಲಿನ ಲಡಿಗಳನ್ನು ಹೊತ್ತು ಹೋದೆ. ಚಾಚಾ ಇನ್ನೂ ಬಂದಿರಲಿಲ್ಲ. ಗೂಟಕ್ಕೆ ಹೊಸ ಟೋಪಿಯೊಂದು ತೂಗುತ್ತಿತ್ತು. ನಾನು ಅದನ್ನು ನೋಡಿದ್ದನ್ನು ಕಂಡು ಚಾಚಿ ದನಿ ತಗ್ಗಿಸಿ ಹೇಳಿದಳು. ಹಾರ ಹಾಕಿಸಿಕೊಂಡ ದಿನವೇ ಟೋಪಿ ಹೊಲಿಸಲು ಹಾಕಿದ್ದರಂತೆ. ಬೆಳಗಾದರೆ ಆಡಿನ ಮುಂದೆ ನಿಂತು, ಕೈ ಎತ್ತಿ, ಸಭಾಸದರೇ ಎಂದು ಭಾಷಣ ಕಲಿಯುತ್ತಿದ್ದರಂತೆ. ರೈಲು ಎಷ್ಟು ಗಂಟೆಗೆಂದು ಸ್ಟೇಶನ್ನಿಗೆ ಹೋಗಿ ಕೇಳಿಕೊಂಡು ಬಂದಿದ್ದರಂತೆ. "ಖರೇ ಹೇಳ್ತೇನಿ ಮಾಸ್ತರ, ನನ್ನ ಲಗ್ನದಾಗೂ ಅವರ ಮಾರಿ ಅಷ್ಟು ಅರಳಿದ್ದಿಲ್ಲ" ಎಂದಳು. ನಾನು ನೂಲಿನ ಗಂಟನ್ನು ಹಿಡಿದುಕೊಂಡೇ ನಿಂತೆ. ಹಿಂದಿನ ದಿನ ಅವರು ಒಲ್ಲೆ ಎಂದಾಗ ಅದರಲ್ಲಿ ಏನೇನು ಕಳೆದುಕೊಂಡರೆಂಬುದು ನನಗೆ ಆಗ ತಿಳಿಯಿತು.

ಚಾಚಾ ಬಂದು, ಏನೂ ಆಗಿಲ್ಲದವರಂತೆ ಲಡಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಅಲ್ಲಾನನ್ನು ನೆನೆದು ನಿಟ್ಟುಸಿರುಬಿಟ್ಟರು. ನಾನು ಪರಿಷತ್ತಿಗೆ ಉಟ್ಟು ಹೋಗುವ ಧೋತರ ಈ ನೂಲಿನದೇ ಆಗಬೇಕು, ಅದನ್ನು ತಾವೇ ನೇಯುತ್ತೇವೆ ಎಂದರು. ಖಾದಿ ಎಂದರೆ ಮೈಲು ದೂರ ಹೋಗುತ್ತಿದ್ದವರು! ನೂಲು ಗಂಜಿಯಲ್ಲಿ ನೆನೆದು ಒಣಗಿ ಮಗ್ಗಕ್ಕೆ ಏರಿತು. ಶಾಲೆ ಮುಗಿದ ಮೇಲೆ ನಾನು ಕುಣಿಯ ಅಂಚಿನಲ್ಲಿ ಕೂತು ಹರಿದ ಎಳೆ ಹುಡುಕಿ ಕೊಡಬೇಕು, ಅವರು ಬೆರಳನ್ನು ನಾಲಿಗೆಗೆ ತಾಗಿಸಿ ಹೊಸೆದು ಗಂಟು ಹಾಕಬೇಕು. ಎರಡು ಸಲ ಲಾಳಿ ಓಡಿದರೆ ಮೂರನೆಯದಕ್ಕೆ ಎಳೆ ಹರಿಯುತ್ತಿತ್ತು. ಒಂದೊಂದು ಗಂಟಿಗೂ ನನ್ನ ಹೆಸರು ಹಿಡಿದು ಏನೋ ಗೊಣಗುತ್ತಿದ್ದರು. ಎಷ್ಟೋ ವರ್ಷ ವಾದ ಮಾಡಿ ನನಗೆ ತಿಳಿಸಲಾರದ್ದನ್ನು ಆ ಗಂಟುಗಳು ತಿಳಿಸಿದವು. ಇಂಥ ನೂಲನ್ನು ನಂಬಿ ಸಂಸಾರ ಸಾಗಿಸೆಂದು ಒಬ್ಬ ನೇಕಾರನಿಗೆ ಹೇಳುವುದು ಸುಲಭದ ಮಾತಲ್ಲ. ಹಾಗೆಂದು ಅವರು ಗೆದ್ದೆನೆಂದು ಒಮ್ಮೆಯೂ ಹೇಳಲಿಲ್ಲ. ಒಂದು ಸಂಜೆ ನೇಯ್ದಷ್ಟನ್ನು ಬೆರಳಲ್ಲಿ ಉಜ್ಜಿ, ಮೈಗೆ ತಂಪಾಗಿರುತ್ತದೆ ಎಂದು ಒಪ್ಪಿಕೊಂಡರು. ನಮ್ಮಿಬ್ಬರ ರಾಜಿ ಅಷ್ಟೇ.

ಪರಿಷತ್ತಿಗೆ ನೀವೂ ಬನ್ನಿ, ಹೊರಗಿನ ಪ್ರೇಕ್ಷಕರಲ್ಲಿ ಕೂಡಬಹುದು ಎಂದು ಕರೆದೆ. ಲಾಳಿ ಆ ಕಡೆ ಹೋದಾಗ ನೇಕಾರ ಕುಣಿ ಬಿಟ್ಟು ಏಳುವುದಿಲ್ಲ ಎಂದುಬಿಟ್ಟರು. ಸ್ಟೇಶನ್ನಿಗೂ ಬರಲಿಲ್ಲ. ನೀಲವ್ವ ಮಾತ್ರ ಬುತ್ತಿ ಕಟ್ಟಿಕೊಟ್ಟು, ತನ್ನ ಮಾತನ್ನು ಮರೆಯಬೇಡ ಎಂದು ಎರಡೆರಡು ಸಲ ಹೇಳಿದಳು.

ಪರಿಷತ್ತಿನ ಚಪ್ಪರದ ಬಾಗಿಲಲ್ಲಿ ಒಬ್ಬ ಸ್ವಯಂಸೇವಕ ನನ್ನ ಧೋತರದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿ ಒಳಗೆ ಬಿಟ್ಟ. ನನಗೆ ಅಳುವೋ ನಗುವೋ ಎಂಬಂತಾಯಿತು. ದೊಡ್ಡ ದೊಡ್ಡವರ ಭಾಷಣ ಮುಗಿದು ನನ್ನ ಸರದಿ ಬಂತು. ಬರೆದುಕೊಂಡು ಹೋದದ್ದೊಂದೂ ನೆನಪಾಗಲಿಲ್ಲ. ಕಿವಿಯಲ್ಲಿ ಆ ಖಟಕ್ ಖಟಕ್ ಮಾತ್ರ ಇತ್ತು. ನಿಲ್ಲುವ ಮಾತು ಯಾವುದೆಂದು ಹುಡುಕಿದೆ. ನೀಲವ್ವನ ಮಾತನ್ನು ನೀಲವ್ವ ಹೇಳಿದ ಹಾಗೇ, ಹುಬ್ಬಳ್ಳಿಯ ಭಾಷೆಯಲ್ಲೇ ಹೇಳಿದೆ. ಆಮೇಲೆ ಉಟ್ಟ ಧೋತರದ ಚುಂಗು ಹಿಡಿದು ತೋರಿಸಿದೆ. ಇದರ ನೂಲು ನನ್ನದು, ನೇಯ್ಗೆ ಒಬ್ಬ ಹಿರಿಯರದು, ನಮ್ಮ ಓಣಿ ಆರಿಸಿದ್ದು ಅವರನ್ನು, ಬಾಗಿಲಲ್ಲಿ ಅವರ ಲುಂಗಿಗೆ ಪ್ರವೇಶವಿಲ್ಲವೆಂದು ನಾನು ಬಂದಿದ್ದೇನೆ, ಇಲ್ಲಿ ನಿಂತು ಮಾತಾಡುತ್ತಿರುವುದು ಅವರು ಎಂದೆ. ಖಾದಿಯಲ್ಲಿ ನನಗಿರುವ ನಂಬಿಕೆಯ ಬಗ್ಗೆ ಒಂದಕ್ಷರವನ್ನೂ ಸೇರಿಸಲಿಲ್ಲ. ಅದು ಒಯ್ಯಲು ಕೊಟ್ಟ ನೂಲಾಗಿರಲಿಲ್ಲ. ಕೆಲವರು ಚಪ್ಪಾಳೆ ತಟ್ಟಿದರು. ಕೆಲವರು ನಿಯಮ ಸಡಿಲಾಗಬಾರದೆಂದು ಎದ್ದು ನಿಂತರು. ಹಿರಿಯರೊಬ್ಬರು ಎರಡೂ ಕಡೆ ಸತ್ಯವಿದೆ ಎಂದು ವಿಷಯವನ್ನು ಉಪಸಮಿತಿಗೆ ಒಪ್ಪಿಸಿದರು. ಆ ಉಪಸಮಿತಿಯ ಉತ್ತರ ಇವತ್ತಿಗೂ ಬಂದಿಲ್ಲ.

ತಿರುಗಿ ಬಂದ ದಿನವೇ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಹೋದವನು ಬಂದು, ಕಳಿಸಿದವರ ಎದುರು ನಿಂತು ಆದದ್ದನ್ನೆಲ್ಲ ಒಪ್ಪಿಸಬೇಕೆಂಬುದು ಚಾಚಾ ಹಾಕಿದ ಕಟ್ಟು. ಮಗ್ಗ ನಡೆದಿತ್ತು. ಅಂಥ ಹೇಳಿಕೊಳ್ಳುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ. ಠರಾವು ಆಗಲಿಲ್ಲ, ನಿಯಮ ಬದಲಾಗಲಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಆಮೇಲೆ ನಾನು ಹೇಳಿದ್ದು, ಅವರು ಹೇಳಿದ್ದು, ನಕ್ಕವರು, ಸಿಟ್ಟಾದವರು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತ ಹೋದೆ. ಮುಗಿಸಿದಾಗ ಓಣಿಯಲ್ಲಿ ಯಾರದೋ ಮನೆಯ ಕುಟ್ಟುವ ಸದ್ದು ಕೇಳಿಸಿತು. ಅದು ಹೇಗೆ ಕೇಳಿಸುತ್ತಿದೆ ಎಂದು ನಾನು ಯೋಚಿಸುವಷ್ಟರಲ್ಲಿ ನೀಲವ್ವ, "ಮಗ್ಗ ಆ ಹೊತ್ತಿನಿಂದ ನಿಂತೈತಪಾ ಮಾಸ್ತರ" ಎಂದಳು.

ಚಾಚಾ ಕುಣಿಯಿಂದ ತಲೆ ಎತ್ತಿ, "ನಮ್ಮ ಮಾತು ನಮ್ಮದ ಆಗಿ ಮುಟ್ಟಿತೇನ್ರಿ?" ಎಂದು ಕೇಳಿದರು. ಮುಟ್ಟಿತು ಎಂದೆ. "ಹಂಗಾರ ಬಟ್ಟಿ ನಾಳೆ ಆಗಲಿ, ನಾಡದ ಆಗಲಿ. ಲಾಳಿ ಅಂತೂ ತಿರುಗಿ ಬಂತಲ್ಲ" ಎಂದು ಮತ್ತೆ ಕಾಲಾಡಿಸಿದರು. ನನ್ನ ಬದುಕಿನಲ್ಲಿ ಆಮೇಲೆ ಹಾರ ತುರಾಯಿಗಳೂ ಸಿಕ್ಕಿವೆ. ಆ ಮಗ್ಗ ನಿಂತದ್ದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿಲ್ಲ.

ಅಲ್ಲಿಂದಾಚೆ ವರ್ಷಕ್ಕೊಮ್ಮೆ ನನ್ನ ನೂಲನ್ನು ಅವರೇ ನೇಯ್ದುಕೊಟ್ಟರು, ಬೈಯುತ್ತಲೇ. ಖಾದಿಯನ್ನು ಮಾತ್ರ ತಾವು ಉಡಲಿಲ್ಲ. ಪಕ್ಷ ದೊಡ್ಡದಾಯಿತು, ಸಭೆಗಳು ಕುರ್ಚಿಗೆ ಏರಿದವು, ಅವರು ಕುಣಿಯಲ್ಲೇ ಉಳಿದರು. ಒಂದು ವರ್ಷ ನಾನು ಹಟ ಹಿಡಿದು, ಎಂದಿಲ್ಲದಷ್ಟು ನೂಲು ನೂತು ಒಯ್ದುಕೊಟ್ಟೆ. ಬಹಳ ದಿನ ಕಾದು ಕೇಳಿದಾಗ, ಮುಖ ಸಣ್ಣ ಮಾಡಿ, "ಏನ ಹೇಳ್ಲಿ ಮಾಸ್ತರ, ಎಲ್ಲಾ ಹರದು ಕಸಕ್ಕ ಹೋತು. ನಿಮ್ಮ ಕೈಗೆ ದೃಷ್ಟಿ ಆಗೇತಿ" ಎಂದರು. ನಾನು ನಂಬಿದೆ. ಆಡೂ ನಂಬಿತ್ತೆಂದು ಕಾಣುತ್ತದೆ. ಆ ವರ್ಷ ಹಳೆಯ ಧೋತರಕ್ಕೇ ತೇಪೆ ಹಾಕಿಕೊಂಡೆ.

ಹೋದ ತಿಂಗಳು ಸುದ್ದಿ ತಿಳಿದು ಓಡಿದೆ. ಪಡಸಾಲೆ ತುಂಬ ಜನ. ಮೀಯಿಸಿ ಆಗಿತ್ತು. ಯಾರೋ ಕಫನದ ಬಟ್ಟೆ ತರಲು ಪೇಟೆಗೆ ಹೊರಟಿದ್ದರು. ಚಾಚಿ ಅವರನ್ನು ತಡೆದು, ಪೆಟ್ಟಿಗೆಯ ತಳದಿಂದ ಮಡಿಸಿಟ್ಟ ಬಿಳಿಯ ಬಟ್ಟೆ ತೆಗೆದುಕೊಟ್ಟಳು. ಬಹಳ ಹಿಂದೆಯೇ ನೇಯ್ದು ಇಟ್ಟಿದ್ದಾರೆ, ಇದನ್ನೇ ಹೊದಿಸಬೇಕೆಂದು ಹೇಳಿದ್ದಾರೆ ಎಂದಳು. ಹಿಡಿದವರೊಬ್ಬರು, ಇದು ಬಹಳ ಒರಟಾಗಿದೆ, ನಯವಾದದ್ದು ತರಿಸೋಣವೇ ಎಂದು ಕೇಳಿದರು. ಚಾಚಿ ನನ್ನ ಕಡೆ ನೋಡಿ, "ಬ್ಯಾಡ. ಅದು ಮಾಸ್ತರ ನೂಲೈತಿ" ಎಂದಳು.

ನಾನು ಹತ್ತಿರ ಹೋಗಿ ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೋಡಿದೆ. ಒಂದೇ ಎಳೆಯಲ್ಲಿ ಹಗ್ಗವೂ ಇತ್ತು, ಕೂದಲೂ ಇತ್ತು. ಕಸಕ್ಕೆ ಹೋಯಿತೆಂದ ನೂಲು ಗಂಟು ಗಂಟಾಗಿ ಅಲ್ಲೇ ಇತ್ತು. ಈ ಸಲ ಅವರು ಹೊರಟ ಕಡೆ ಹೋಗಲು ಖಾದಿಯೇ ಬೇಕೆಂದು ಯಾರೂ ಹೇಳಿರಲಿಲ್ಲ.